ಫಾರ್ಮ್ಯಾಟ್ ಹೊಡೆಯುವ ಮುಂಚೆ ಕರೆಂಟಿನ ಬಗ್ಗೆ ಕೇಳಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಮನೆಯ ಹಳೇ ಕಂಪ್ಯೂಟರ್ ಹೊತ್ತುಕೊಂಡು ಬಂದು "ಒಂದ್ಸಲ ಫಾರ್ಮ್ಯಾಟ್ ಹೊಡೆದು ಕೊಡ್ರಿ ಸರ" ಅನ್ನುವವರೇ ಜಾಸ್ತಿ. ಅವರಿಗೆ ನಾನು ಮೊದಲು ಕೇಳುವುದು, ಮನೆಯಲ್ಲಿ ಯುಪಿಎಸ್ ಇದೆಯಾ ಅಂತ. ಫಾರ್ಮ್ಯಾಟಿಗೂ ಕರೆಂಟಿಗೂ ಏನು ಸಂಬಂಧ ಅಂತ ನನ್ನ ಮುಖ ನೋಡುತ್ತಾರೆ. ಸಂಬಂಧ ಇದೆ. ಡಿಸ್ಕಿಗೆ ಯಾವ ಫೈಲ್ ಸಿಸ್ಟಮ್, ಅಂದರೆ ಫೈಲುಗಳನ್ನು ಇಡುವ ಮತ್ತು ಅವುಗಳ ಲೆಕ್ಕ ಬರೆದಿಡುವ ಯಾವ ಪದ್ಧತಿ, ಹಾಕಬೇಕು ಅನ್ನುವುದು ಆ ಉತ್ತರದ ಮೇಲೇ ನಿಂತಿದೆ.

ಜೇವರ್ಗಿ ರಸ್ತೆ ಕಡೆಯ ಮಾಸ್ತರರೊಬ್ಬರ ಕಂಪ್ಯೂಟರ್ ಬಂದಿತ್ತು. ವಿಂಡೋಸ್ ಎಕ್ಸ್‌ಪಿ ಕಾಲದ್ದು. ಡಿ ಡ್ರೈವ್ ಇನ್ನೂ ಫ್ಯಾಟ್32 ಎಂಬ ಫೈಲ್ ಸಿಸ್ಟಮ್‌ನಲ್ಲೇ ಇತ್ತು. ಬೇಸಿಗೆಯಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ ಕರೆಂಟ್ ಹೋಯಿತು. ಮತ್ತೆ ಚಾಲೂ ಮಾಡಿದಾಗ ಡಿಸ್ಕ್ ಚೆಕ್ ಓಡಿ, ಅವರ ಫೋಲ್ಡರ್ ಖಾಲಿ. ಅದರ ಬದಲು ಫೌಂಡ್.000 ಎಂಬ ಹೊಸ ಫೋಲ್ಡರ್, ಒಳಗೆ ಫೈಲ್0000.ಸಿಎಚ್‌ಕೆ, ಫೈಲ್0001.ಸಿಎಚ್‌ಕೆ ಅಂತ ಹೆಸರಿಲ್ಲದ ತುಂಡುಗಳ ಸಾಲು.

ಯಾವ ಫೈಲಿನ ತುಂಡು ಡಿಸ್ಕಿನ ಎಲ್ಲೆಲ್ಲಿದೆ ಅನ್ನುವುದನ್ನು ಫ್ಯಾಟ್32 ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಆ ಪಟ್ಟಿ ತಿದ್ದುತ್ತಿರುವಾಗಲೇ ಕರೆಂಟ್ ಹೋದರೆ ಅರ್ಧ ಹಳೇದು, ಅರ್ಧ ಹೊಸದು. ತಾನು ಏನು ಮಾಡುತ್ತಿದ್ದೆ ಅನ್ನುವ ಗುರುತು ಅದಕ್ಕೆ ಇರುವುದಿಲ್ಲ. ಆ ತುಂಡುಗಳನ್ನು ಒಂದೊಂದಾಗಿ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಶುರುವಿನಲ್ಲೇ 'ಜೆಎಫ್‌ಐಎಫ್' ಅಥವಾ 'ಎಕ್ಸಿಫ್' ಕಂಡರೆ ಫೋಟೊ. 'ಪಿಕೆ' ಅಂತ ಶುರುವಾದರೆ ಹೊಸ ವರ್ಡ್ ಫೈಲ್ ಇರಬಹುದು. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ, ಅದನ್ನು ಫಾಂಟ್ ಹಾಕಿ ನೋಡಿದರೆ ಮಾತ್ರ ಓದಲು ಬರುತ್ತದೆ. ಕೆಲವು ಪ್ರಶ್ನೆಪತ್ರಿಕೆ ಪೂರ್ತಿ ಸಿಕ್ಕವು, ಕೆಲವು ಅರ್ಧಕ್ಕೇ ನಿಂತವು.

ವಿಂಡೋಸಿನ ಇನ್ನೊಂದು ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಹಾಗಲ್ಲ. ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಸರಿಸುವ ಮುಂಚೆ ಚೀಟಿ ಬರೆದಿಡುವ ಹಾಗೆ, ಅದು ಮಾಡಬೇಕಾದ ಬದಲಾವಣೆಯನ್ನು ಮೊದಲು ಜರ್ನಲ್ ಎಂಬ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ಅದನ್ನು ಓದಿ, ಅರ್ಧಕ್ಕೆ ನಿಂತ ಕೆಲಸವನ್ನು ಮುಗಿಸುತ್ತದೆ, ಇಲ್ಲವೇ ರದ್ದು ಮಾಡುತ್ತದೆ. ಇದು 1993ರಲ್ಲೇ ವಿಂಡೋಸ್ ಎನ್‌ಟಿ ಜೊತೆ ಬಂದದ್ದು. ಫ್ಯಾಟ್32 ಬಂದದ್ದು ಆಮೇಲೆ, 1996ರಲ್ಲಿ. ಒಂದು ಮಾತು ಮಾತ್ರ ಗಿರಾಕಿಗೆ ಬಿಡಿಸಿ ಹೇಳಲೇಬೇಕು: ಜರ್ನಲ್ ಕಾಯುವುದು ಡಿಸ್ಕಿನ ಲೆಕ್ಕವನ್ನು. ಸೇವ್ ಮಾಡದೇ ಬಿಟ್ಟ ಪುಟವನ್ನಲ್ಲ.

ಹಾಗಾಗಿ ವಿಂಡೋಸೇ ಬೇಕು ಅಂದರೆ ಸಿ, ಡಿ ಎರಡಕ್ಕೂ ಎನ್‌ಟಿಎಫ್‌ಎಸ್. ವಿಸ್ಟಾ ಆವೃತ್ತಿಯಿಂದ ಈಚೆಗೆ ವಿಂಡೋಸ್ ಬೇರೆಯದರ ಮೇಲೆ ಕೂರುವುದೂ ಇಲ್ಲ. ಡಿ ಡ್ರೈವ್ ಮಾತ್ರ ಫ್ಯಾಟ್32ರಲ್ಲಿ ಉಳಿದಿದ್ದರೆ ಫಾರ್ಮ್ಯಾಟ್ ಹೊಡೆಯುವ ಅಗತ್ಯವೇ ಇಲ್ಲ. ವಿಂಡೋಸಿನ 'ಕನ್ವರ್ಟ್' ಕಮಾಂಡ್ ಫೈಲ್ ಅಳಿಸದೇ ಎನ್‌ಟಿಎಫ್‌ಎಸ್‌ಗೆ ಬದಲಿಸುತ್ತದೆ. ಆದರೂ ಮೊದಲು ಬ್ಯಾಕಪ್ ತೆಗೆಯಿರಿ. ಹಿಂದಕ್ಕೆ ಬರಲು ಅದರಲ್ಲಿ ದಾರಿ ಇಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. 11 ಹಿಡಿಸದ ಯಂತ್ರಗಳಿಗೆ ವಿಂಡೋಸಿನ ಬದಲು ಲಿನಕ್ಸ್ ಹಾಕುತ್ತೇನೆ, ಈಎಕ್ಸ್‌ಟಿ4 ಎಂಬ ಲಿನಕ್ಸಿನ ಫೈಲ್ ಸಿಸ್ಟಮ್ ಮೇಲೆ. ಅದಕ್ಕೂ ಜರ್ನಲ್ ಇದೆ. ಇಲ್ಲಿ ಭಯ ಬೇರೆ. ಆ ಡಿಸ್ಕನ್ನು ನಾಳೆ ಯಾರಾದರೂ ಬಿಚ್ಚಿ ವಿಂಡೋಸ್ ಕಂಪ್ಯೂಟರಿಗೆ ಹಚ್ಚಿದರೆ, ವಿಂಡೋಸಿಗೆ ಅದು ಓದಲು ಬರುವುದಿಲ್ಲ. 'ಬಳಸುವ ಮುಂಚೆ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು' ಅಂತ ಪರದೆಯ ಮೇಲೆ ಕೇಳುತ್ತದೆ. ಒಳಗೆ ಮಕ್ಕಳ ಫೋಟೊ, ಮನೆಯ ಕಾಗದಪತ್ರ ಎಲ್ಲ ಹಾಗೇ ಇರುತ್ತವೆ. ಗೊತ್ತಿಲ್ಲದವರು ಹೂಂ ಅಂತ ಒತ್ತಿಬಿಡುತ್ತಾರೆ, ಅಲ್ವಾ? ಹಾಗಾಗಿ ಲಿನಕ್ಸ್ ಹಾಕಿದ ಡಿಸ್ಕಿನ ಮೇಲೆ 'ಲಿನಕ್ಸ್ ಇದೆ, ಫಾರ್ಮ್ಯಾಟ್ ಮಾಡಬೇಡಿ' ಅಂತ ಮಾರ್ಕರ್‌ನಲ್ಲಿ ಬರೆಯುತ್ತೇನೆ. ಎರಡೂ ಬೇಕು ಅಂದವರಿಗೆ ಡೇಟಾ ಇಡುವ ಭಾಗ ಎನ್‌ಟಿಎಫ್‌ಎಸ್ ಇರಲಿ, ಅದನ್ನು ಲಿನಕ್ಸ್ ಕೂಡ ಓದಿ ಬರೆಯುತ್ತದೆ. ವಿಂಡೋಸಿನಲ್ಲಿ 'ಫಾಸ್ಟ್ ಸ್ಟಾರ್ಟಪ್' ಮಾತ್ರ ಆಫ್ ಮಾಡಿರಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಬಂದ್ ಆಗಿರುವುದಿಲ್ಲ, ಲಿನಕ್ಸ್ ಆ ಭಾಗಕ್ಕೆ ಬರೆಯಲು ಒಪ್ಪುವುದಿಲ್ಲ.

ಪೆನ್‌ಡ್ರೈವ್ ವಿಷಯ ಬೇರೆ. ಮದುವೆ ವಿಡಿಯೊ ಕಾಪಿ ಆಗುತ್ತಿಲ್ಲ, ಪೆನ್‌ಡ್ರೈವ್ ಕೆಟ್ಟಿದೆ ಅಂತ ಬರುತ್ತಾರೆ. ಕೆಟ್ಟಿರುವುದಿಲ್ಲ. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲ, ಅಷ್ಟೇ. ದೊಡ್ಡ ಫೈಲ್ ಹಿಡಿಸುವ ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಮ್‌ಗೆ ಮಾಡಿಕೊಟ್ಟರೆ ಮುಗಿಯಿತು. ಹಳೇ ಟಿವಿಗೆ ಹಚ್ಚುವುದಿದ್ದರೆ ಮಾತ್ರ ಮೊದಲೇ ಕೇಳಿಕೊಳ್ಳಿ, ಎಷ್ಟೋ ಟಿವಿಗಳು ಫ್ಯಾಟ್32 ಬಿಟ್ಟು ಬೇರೇನೂ ಓದುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಇನ್ನೊಂದು. ಫಾರ್ಮ್ಯಾಟಿಗೆ ಕೈ ಹಾಕುವ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ ಎಚ್ಚರಿಕೆ ಕಂಡರೆ ಯಾವ ಫೈಲ್ ಸಿಸ್ಟಮ್ ಹಾಕಿದರೂ ಆ ಡಿಸ್ಕನ್ನು ನಂಬುವ ಹಾಗಿಲ್ಲ. ಡೇಟಾ ಹೊರಗೆ ತೆಗೆದು, ಹೊಸ ಎಸ್‌ಎಸ್‌ಡಿಗೆ ಎಷ್ಟಾಗುತ್ತದೆ ಅಂತ ಗಿರಾಕಿಗೆ ಅವತ್ತೇ ಹೇಳಿಬಿಡಿ.