ಅಘನಾಶಿನಿ ಅಳಿವೆಯಲ್ಲಿ ಮರದ ಲೆಕ್ಕ, ಹಕ್ಕಿಯ ಲೆಕ್ಕ

ಅಳಿವೆಗೆ ಹೋಗುವವರು ರಜೆ ಯಾವತ್ತು ಅಂತ ನೋಡಿದರೆ ಸಾಲದು. ಉಬ್ಬರ ಇಳಿತದ ಪಟ್ಟಿಯನ್ನೂ ನೋಡಬೇಕು. ಇಲ್ಲಿ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಬೆಳಗಿನ ಇಳಿತದಲ್ಲಿ ಕೆಸರು ತೆರೆದುಕೊಳ್ಳಬೇಕು, ಮಧ್ಯಾಹ್ನದ ಉಬ್ಬರವೂ ಬೆಳಕಿರುವಾಗಲೇ ಸಿಗಬೇಕು. ಹಾಗೆ ಲೆಕ್ಕ ಹಾಕಿ, ಜನವರಿಯಲ್ಲಿ ಅಮಾವಾಸ್ಯೆ ಕಳೆದ ಮೇಲೆ ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕುಮಟಾ ತಾಲ್ಲೂಕಿನ ತದಡಿಗೆ ಹೋದೆವು.

ಅಘನಾಶಿನಿ ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟುವ ನದಿ. ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ತದಡಿ ಮತ್ತು ಅಘನಾಶಿನಿ ಊರಿನ ನಡುವೆ ಕಡಲು ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಮಣ್ಣು ತಡೆಯಿಲ್ಲದೆ ಕೆಳಗೆ ಬಂದು ಅಳಿವೆಯಲ್ಲಿ ಕೂರುತ್ತದೆ. ನಾವು ನೋಡಲು ಹೋಗಿದ್ದ ಕಾಂಡ್ಲಾ (ಮ್ಯಾಂಗ್ರೋವ್) ಮರಗಳೂ ಹಕ್ಕಿಗಳೂ ಬದುಕಿರುವುದು ಆ ಮಣ್ಣಿನ ಮೇಲೆಯೇ. 2024ರ ಜನವರಿಯಲ್ಲಿ ಈ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದ ಮಾಗಡಿ ಕೆರೆ, ಅಂಕಸಮುದ್ರ ಕೂಡ ಅದೇ ಹೊತ್ತಿಗೆ ಸೇರಿದವು.

ಮಕ್ಕಳನ್ನು ಎರಡು ಗುಂಪು ಮಾಡಿದೆವು. ಒಂದು ಗುಂಪಿಗೆ ಮರ, ಇನ್ನೊಂದಕ್ಕೆ ಹಕ್ಕಿ. ಮರದ ಗುಂಪಿನ ಮುಖ ಸ್ವಲ್ಪ ಸಪ್ಪಗಾಯಿತು. ದುರ್ಬೀನು ಹಿಡಿಯುವ ಅವಕಾಶ ಹೋಯಿತಲ್ಲ ಅಂತ. ಆದರೆ ಗಜನಿಯ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ, ಕಟ್ಟೆಯಿಂದ ನೀರಿನ ಅಂಚಿನವರೆಗೆ ಹಗ್ಗ ಎಳೆದು, ಹತ್ತು ಹತ್ತು ಮೀಟರಿಗೆ ನಿಂತು ನೋಡಲು ಶುರುಮಾಡಿದ ಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಕಟ್ಟೆಯ ಮೇಲೆ ಮೊದಲು ಸಿಕ್ಕಿದ್ದು ಮುಳ್ಳೆಲೆಯ ಹೊಳೆಚುಳ್ಳಿ. ಅದರ ಪಕ್ಕ ಎಕ್ಸೋಕೇರಿಯಾ. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಉರಿದು ದೃಷ್ಟಿಗೇ ತೊಂದರೆಯಾಗಬಹುದು, ಕೊಂಬೆ ಮುರಿಯಬೇಡಿ ಅಂತ ಮೊದಲೇ ಹೇಳಿದ್ದೆವು. ಇನ್ನೂ ಕೆಳಗೆ ಇಳಿದರೆ ಅವಿಸೀನಿಯಾ. ಅದರ ಸುತ್ತ ಕೆಸರಿನಿಂದ ಪೆನ್ಸಿಲಿನಂಥ ಬೇರುಗಳು ನೆಟ್ಟಗೆ ಮೇಲೆದ್ದಿದ್ದವು. ಒಂದು ಚದರ ಮೀಟರ್ ಚೌಕಟ್ಟಿಟ್ಟು ಎಣಿಸಲು ಕೂತ ಇಬ್ಬರು ಹುಡುಗಿಯರು, ನೂರು ದಾಟಿದ ಮೇಲೆ ಮೊದಲಿಂದ ಮತ್ತೆ ಎಣಿಸಿದರು. ಮರ ಉಸಿರಾಡುವುದು ಆ ಬೇರುಗಳಿಂದ. ಅದರ ಎಲೆ ನೆಕ್ಕಿದರೆ ಉಪ್ಪು. ಬೇರು ಹೀರಿದ ನೀರಿನ ಜೊತೆ ಬಂದ ಉಪ್ಪನ್ನು ಈ ಮರ ಎಲೆಯಿಂದ ಹೊರಹಾಕುತ್ತದೆ. ಬಿಸಿಲಲ್ಲಿ ಎಲೆಯ ಮೇಲೆ ಸಣ್ಣ ಹರಳುಗಳು ಹೊಳೆಯುತ್ತಿದ್ದವು.

ನೀರಿನ ಅಂಚಿಗೆ ರೈಜೋಫೊರಾ. ಊರಿನವರು ಇವನ್ನೆಲ್ಲ ಒಟ್ಟಾಗಿ ಕಾಂಡ್ಲಾ ಅಂತಾರೆ. ರೈಜೋಫೊರಾ ಉಪ್ಪಿನ ಬಹುಪಾಲನ್ನು ಬೇರಿನಲ್ಲೇ ತಡೆದು ನಿಲ್ಲಿಸುತ್ತದೆ. ಕಾಂಡದಿಂದ ಕಮಾನಿನಂತೆ ಇಳಿದ ಬೇರುಗಳ ಮೇಲೆ ಮರ ನಿಂತಿರುತ್ತದೆ. ಹಾಗಾಗಿ ಸುತ್ತಳತೆಯನ್ನು ಕಾಡಿನ ಮರದ ಹಾಗೆ ಎದೆಮಟ್ಟದಲ್ಲಿ ಅಳೆಯಲು ಆಗುವುದಿಲ್ಲ. ಎಲ್ಲಕ್ಕಿಂತ ಮೇಲಿನ ಕಮಾನು ಬೇರಿನಿಂದ 30 ಸೆಂಟಿಮೀಟರ್ ಮೇಲೆ ಟೇಪ್ ಸುತ್ತಬೇಕು. ಅದರ ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬೀಳುತ್ತದೆ. ಕೆಳಗೆ ಬಿದ್ದ ಒಂದನ್ನು ಎತ್ತಿ ನೋಡಿದ ಹುಡುಗ, "ಸರ್, ಇದು ಕಾಯಿನೋ ಗಿಡನೋ?" ಅಂದ. ಗಿಡವೇ. ಬಿದ್ದ ಜಾಗದಲ್ಲೇ ಬೇರೂರಬಹುದು, ಇಲ್ಲವೇ ನೀರಿನಲ್ಲಿ ತೇಲಿ ಇನ್ನೊಂದು ದಡ ಸೇರಬಹುದು.

ಕೆಸರಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮೇಲೆ ತೆಳ್ಳಗೆ ಕಂದು ಬಣ್ಣ. ಒಂದು ಗೇಣು ಅಗೆದರೆ ಕಡುಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಆಳದಲ್ಲಿ ಆಮ್ಲಜನಕ ಇಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಕಡಲ ನೀರಿನ ಸಲ್ಫೇಟ್ ಬಳಸಿ ಬದುಕುತ್ತವೆ, ಆಗ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಆ ವಾಸನೆ ಅದರದ್ದೇ. ಮರಗಳು ಬೇರನ್ನು ಗಾಳಿಗೆ ಚಾಚುವುದಕ್ಕೂ, ಹುಳುಗಳು ಬಿಲ ಕೊರೆದು ಮೇಲಿನಿಂದ ನೀರು ಎಳೆದುಕೊಳ್ಳುವುದಕ್ಕೂ ಕಾರಣ ಒಂದೇ, ಕೆಳಗೆ ಉಸಿರಿಲ್ಲ. ಮಕ್ಕಳಿಗೆ ಇದನ್ನು ತರಗತಿಯಲ್ಲಿ ಹೇಳಿದ್ದೆ. ಮೊಣಕಾಲವರೆಗೆ ಹೂತುಕೊಂಡು ಕೇಳಿದಾಗಲೇ ಅದು ತಲೆಗೆ ಹೋದದ್ದು.

ಅಷ್ಟು ಹೊತ್ತಿಗೆ ಹಕ್ಕಿಯ ಗುಂಪು ದೋಣಿಯಲ್ಲಿ ತೆರೆದ ಕೆಸರುಬಯಲಿನ ಹತ್ತಿರ ಹೋಗಿತ್ತು. ನಾನೂ ಅಲ್ಲಿಗೆ ಹೋಗಿ ಸೇರಿಕೊಂಡೆ. ದೂರದಲ್ಲಿ ಜನ ಬಗ್ಗಿ ಬಳಚು (ತಿನ್ನುವ ಕಪ್ಪೆಚಿಪ್ಪು) ಹೆಕ್ಕುತ್ತಿದ್ದರು. ಅವರಿಂದ ಆಚೆ ಬಯಲು ಖಾಲಿ ಇದ್ದಂತೆ ಕಂಡಿತು. ಸ್ಕೋಪಿನಲ್ಲಿ ನೋಡಿದರೆ ಕೆಸರೇ ಓಡಾಡುತ್ತಿತ್ತು! ಎಲ್ಲಾ ಸ್ಯಾಂಡ್ ಪ್ಲವರ್‌ಗಳು. ನಾಲ್ಕು ಹೆಜ್ಜೆ ಓಡುತ್ತವೆ, ತಟ್ಟನೆ ನಿಲ್ಲುತ್ತವೆ, ಒಮ್ಮೆ ಕುಕ್ಕುತ್ತವೆ, ಮತ್ತೆ ಓಟ. ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಮೇಲ್ಮೈಯಲ್ಲಿ ಹುಳು ಅಲುಗಿದ್ದನ್ನು ಕಣ್ಣಿನಿಂದಲೇ ಹಿಡಿಯುತ್ತವೆ. ಈ ಜಾತಿಯವು ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲುಗಳಲ್ಲಿ ಮೊಟ್ಟೆಯಿಟ್ಟು, ಹಿಮಾಲಯ ದಾಟಿ ನಮ್ಮ ಕರಾವಳಿಗೆ ಬರುತ್ತವೆ. ಅಷ್ಟು ಸಣ್ಣ ಹಕ್ಕಿ! ನಾನು ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಸ್ವಲ್ಪ ನೀರು ನಿಂತಲ್ಲಿ ಕೆಂಪು ಕಾಲಿನ ರೆಡ್‌ಶ್ಯಾಂಕ್‌ಗಳು. ಇನ್ನೂ ಆಚೆ ಒಂದು ಕರ್ಲ್ಯೂ. ಅದರ ಬಾಗಿದ ಕೊಕ್ಕು 15 ಸೆಂಟಿಮೀಟರ್ ದಾಟುತ್ತದೆ. ಪ್ಲವರ್‌ಗೆ ಸಿಗದ ಆಳದ ಹುಳು, ಏಡಿ ಅದಕ್ಕೆ ಸಿಗುತ್ತವೆ. ಕೊಕ್ಕಿನ ತುದಿಗೆ ಸ್ಪರ್ಶ ಗೊತ್ತಾಗುತ್ತದೆ, ಕೆಸರಿನೊಳಗೆ ಕಾಣದಿದ್ದರೂ ನಡೆಯುತ್ತದೆ. ಹಕ್ಕಿ ಯಾವುದು, ಎಷ್ಟು ಅನ್ನುವುದರ ಜೊತೆಗೆ ಅದು ಏನು ಮಾಡುತ್ತಿದೆ, ಹತ್ತಿರದ ಮರದಿಂದ ಎಷ್ಟು ದೂರದಲ್ಲಿದೆ ಅಂತಲೂ ಬರೆಯಲು ಹೇಳಿದ್ದೆವು. ದೂರವನ್ನು ಅಂದಾಜಿನಲ್ಲಿ ಬರೆದರೆ ಸಾಕು. ಈ ಕೊನೆಯ ಕಾಲಮ್ ಯಾಕೆ ಅಂತ ಮಕ್ಕಳು ಗೊಣಗಿದರು.

ಹನ್ನೊಂದರ ಹೊತ್ತಿಗೆ ನೀರು ತಿರುಗಿತು. ಬಯಲು ಕಿರಿದಾಗುತ್ತಾ ಬಂದಂತೆ ಹಕ್ಕಿಗಳು ಒಟ್ಟೊಟ್ಟಾದವು. ಮೊದಲು ಕೂಗಿ ಎಚ್ಚರಿಸಿದ್ದು ರೆಡ್‌ಶ್ಯಾಂಕ್. ತಲೆಯ ಮೇಲೆ ಗರುಡ ಹಾದುಹೋಯಿತು, ಇಡೀ ಗುಂಪು ಎದ್ದು, ತಿರುಗಿ, ಮತ್ತೆ ಇಳಿಯಿತು. ಪ್ರತಿ ಸಲ ಹೀಗೆ ಎದ್ದಾಗಲೂ ಮುಂದಿನ ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು ಖರ್ಚಾಗುತ್ತದೆ. ಅದಕ್ಕೇ ಫೋಟೋಕ್ಕಾಗಿ ದೋಣಿ ಹತ್ತಿರ ಒಯ್ಯುವುದು ಬೇಡ ಅಂತ ನಾವು ಗಟ್ಟಿಯಾಗಿ ಹೇಳುತ್ತೇವೆ. ದೋಣಿಯವರೂ ಅದನ್ನೇ ಹೇಳಿದರು, "ದೂರದಿಂದಲೇ ನೋಡಿ ಮಕ್ಕಳೇ, ಅವು ತಿನ್ನಲಿ."

ಉಬ್ಬರದಲ್ಲಿ ಸಾಣಿಕಟ್ಟಾದ ಉಪ್ಪಿನಾಗರದ ಕಡೆ ಹೋದೆವು. ಮುಳುಗಿದ ಬಯಲಿನ ಹಕ್ಕಿಗಳಲ್ಲಿ ಒಂದಷ್ಟು ಆಗರದ ಬದುಗಳ ಮೇಲೆ ಸಾಲಾಗಿ, ಗಾಳಿಗೆ ಮುಖ ಮಾಡಿ, ಒಂಟಿ ಕಾಲಲ್ಲಿ ನಿಂತಿದ್ದವು. ನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು. ಹಿಂತಿರುಗುವಾಗ ಕಾಂಡ್ಲಾ ಕೊಂಬೆಯ ಮೇಲೆ ವಿಂಬ್ರೆಲ್ ಒಂದು ಕೂತಿತ್ತು. ಬೇರುಗಳ ಮೇಲೆ ಕಾಮನ್ ಸ್ಯಾಂಡ್‌ಪೈಪರ್ ಬಾಲ ಕುಣಿಸುತ್ತಿತ್ತು. ನಮಗೆ ಮರದಲ್ಲಿ ಕಂಡ ತೀರದ ಹಕ್ಕಿಗಳು ಅಷ್ಟೇ.

ರಾತ್ರಿ ಎರಡೂ ಗುಂಪಿನ ಹಾಳೆ ಪಕ್ಕಪಕ್ಕ ಇಟ್ಟಾಗ ಆ ಕಾಲಮ್ ಯಾಕೆ ಅಂತ ಅವರಿಗೇ ಕಂಡಿತು. ಮೇಯುತ್ತಿದ್ದ ಸಣ್ಣ ಹಕ್ಕಿಗಳೆಲ್ಲ ಮರಗಳಿಂದ ದೂರ, ಬಯಲಿನಲ್ಲಿದ್ದವು. ಅವಕ್ಕೆ ಸುತ್ತ ನಾಲ್ಕೂ ಕಡೆ ಕಾಣಬೇಕು. ಬೇಟೆ ಹಕ್ಕಿ ಮರದ ಮರೆಯಿಂದ ಬಂದರೆ ಹಾರಲು ಹೊತ್ತು ಸಿಗುವುದಿಲ್ಲ. ಬೇರುಗಳ ನಡುವೆ ಓಡಲೂ ಆಗುವುದಿಲ್ಲ. ಹಾಗಂತ ಮರ ಬೇಡ ಅಂತಲ್ಲ. ಕಾಂಡ್ಲಾ ಎಲೆ ಉದುರಿ, ಕೊಳೆತು, ಏಡಿಗೂ ಹುಳುವಿಗೂ ಆಹಾರವಾಗಿ ಇಳಿತದ ನೀರಿನ ಜೊತೆ ಬಯಲಿಗೆ ಹೋಗುತ್ತದೆ. ಹಕ್ಕಿ ಮರಕ್ಕೆ ಬಾರದಿದ್ದರೂ ಮರ ಹಕ್ಕಿಗೆ ಉಣಿಸುತ್ತದೆ.

"ಹಾಗಾದ್ರೆ ಖಾಲಿ ಕೆಸರಲ್ಲೆಲ್ಲ ಕಾಂಡ್ಲಾ ನೆಡೋದು ತಪ್ಪಲ್ವಾ ಸರ್?" ಅಂತ ಒಬ್ಬಳು ಕೇಳಿದಳು. ಹೌದು, ಎಲ್ಲೆಂದರಲ್ಲಿ ನೆಟ್ಟರೆ ತಪ್ಪೇ. ಕೊಚ್ಚಿಹೋಗುತ್ತಿರುವ ಕಟ್ಟೆಯ ಪಕ್ಕ, ಮೊದಲು ಕಾಂಡ್ಲಾ ಇದ್ದು ಕಡಿದುಹೋದ ಕಡೆ ನೆಡಲಿ, ನೂರಾರು ನೆಡಲಿ. ಇಳಿತದಲ್ಲಿ ತೆರೆದುಕೊಳ್ಳುವ ಬಯಲು ಪಾಳು ನೆಲವಲ್ಲ. ಅದು ಪ್ಲವರ್‌ಗಳ ಊಟದ ಜಾಗ, ಬಳಚು ಹೆಕ್ಕುವವರ ದುಡಿಮೆಯ ಜಾಗ. ಅಲ್ಲಿ ಗಿಡ ನೆಟ್ಟು ಹಸಿರು ಮಾಡಿದೆವು ಅನ್ನುವುದನ್ನು ನಾನು ಒಪ್ಪಲಾರೆ.

ಮಕ್ಕಳು ಈಗ ಅಳಿವೆಯ ನಕ್ಷೆ ಬರೆಯುತ್ತಿದ್ದಾರೆ. ಮರದ ಅಂಚಿಗೆ ಒಂದು ಗೆರೆ, ಮೇಯುವ ಹಕ್ಕಿಗಳ ಅಂಚಿಗೆ ಇನ್ನೊಂದು. ಮೇ ತಿಂಗಳಲ್ಲಿ ಮತ್ತೆ ಹೋಗಿ ಎಣಿಸಬೇಕು ಅಂತ ಅವರೇ ಹಟ ಹಿಡಿದಿದ್ದಾರೆ. ಆ ಹೊತ್ತಿಗೆ ಪೂರ್ತಿ ಬೆಳೆದ ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ಉತ್ತರಕ್ಕೆ ಹೋಗಿರುತ್ತವೆ. ಹಿಂದಿನ ವರ್ಷ ಹುಟ್ಟಿದ ಮರಿಗಳಲ್ಲಿ ಕೆಲವು ಹೋಗದೆ ಇಲ್ಲೇ ಉಳಿಯುತ್ತವೆ, ಅವನ್ನು ಹುಡುಕಬೇಕಂತೆ.