ಬೆಳಕೇ ಹೊರಗೆ ಬರದಿದ್ದ ಮೇಲೆ ನೀವು ನೋಡೋದಾದ್ರೂ ಏನು?

ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಎಕ್ಸ್-ರೇ ಬಗ್ಗೆ ಕೆಲಸ ಮಾಡುತ್ತೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ. "ಅದರಿಂದ ಬೆಳಕೇ ಹೊರಬರಲ್ಲ ಅಂತೀರಿ, ಮತ್ತೆ ಎಕ್ಸ್-ರೇ ಎಲ್ಲಿಂದ ಬಂತು?" ಪ್ರಶ್ನೆ ಸರಿಯಾಗೇ ಇದೆ. ಎಕ್ಸ್-ರೇ ಕೂಡ ಬೆಳಕೇ ಅಲ್ವಾ.

ಬೆಳಕು ಬರುವುದು ಕುಳಿಗೆ ಬೀಳಲು ಹೊರಟ ಅನಿಲದಿಂದ. ಪಕ್ಕದಲ್ಲೊಂದು ನಕ್ಷತ್ರ ಇದ್ದರೆ ಕುಳಿ ಅದರ ಅನಿಲವನ್ನು ಎಳೆದುಕೊಳ್ಳುತ್ತದೆ. ಅದು ನೆಟ್ಟಗೆ ಒಳಗೆ ಬೀಳುವುದಿಲ್ಲ, ಸುತ್ತು ಹಾಕುತ್ತಾ ತಟ್ಟೆಯ ಹಾಗೆ ಹರಡಿಕೊಳ್ಳುತ್ತದೆ. ಒಳಸುತ್ತು ಜೋರು, ಹೊರಸುತ್ತು ನಿಧಾನ, ಹಾಗಾಗಿ ಪದರಕ್ಕೆ ಪದರ ಉಜ್ಜಿ (ಇದರಲ್ಲಿ ಕಾಂತಕ್ಷೇತ್ರದ ಕೈವಾಡವೂ ಇದೆ) ಒಳ ಅಂಚು ಸುಮಾರು ಒಂದು ಕೋಟಿ ಡಿಗ್ರಿಗೆ ಏರುತ್ತದೆ. ಅಷ್ಟು ಬಿಸಿಯಾದದ್ದು ಹೊಳೆಯುವುದೇ ಎಕ್ಸ್-ರೇಯಲ್ಲಿ. ಸೂರ್ಯನೊಳಗೆ ಹೈಡ್ರೋಜನ್ ಬೆಸೆದಾಗ ಅದರ ತೂಕದ ಶೇ 0.7 ಮಾತ್ರ ಶಕ್ತಿಯಾಗುತ್ತದೆ. ಇಲ್ಲಿ ಸುಮ್ನೆ ಬಿದ್ದರೇ ಶೇ 6ರಷ್ಟು, ಕುಳಿ ಜೋರಾಗಿ ತಿರುಗುತ್ತಿದ್ದರೆ ಇನ್ನೂ ಎಷ್ಟೋ ಜಾಸ್ತಿ.

"ಹಾಗಾದ್ರೆ ಫೋಟೋ ತೋರಿಸಿ" ಅಂತಾರೆ. ನನ್ನ ಹತ್ತಿರ ಫೋಟೋ ಇಲ್ಲ. ಇಂಥ ಸಣ್ಣ ಕುಳಿ ಯಾವ ದೂರದರ್ಶಕದಲ್ಲಿ ನೋಡಿದರೂ ಬರೀ ಚುಕ್ಕೆ. ಎಕ್ಸ್-ರೇಯನ್ನು ನಮ್ಮ ವಾತಾವರಣ ತಡೆಯುವುದರಿಂದ ಉಪಕರಣ ಮೇಲೆಯೇ ಇರಬೇಕು. ಸಿಗ್ನಸ್ ಎಕ್ಸ್-1 ಅನ್ನುವ ಹೆಸರಾಂತ ಕುಳಿ ಸಿಕ್ಕಿದ್ದೂ 1964ರಲ್ಲಿ, ರಾಕೆಟ್ ಹಾರಿಸಿದಾಗ. ಉಪಗ್ರಹದಿಂದ ನನಗೆ ಸಿಗುವುದು ಒಂದು ಉದ್ದನೆಯ ಪಟ್ಟಿ. ಬೆಳಕಿನ ಒಂದೊಂದು ಕಣಕ್ಕೂ ಒಂದೊಂದು ಸಾಲು, ಅದರಲ್ಲಿ ಕಣ ಬಂದ ಹೊತ್ತು ಮತ್ತು ಅದರ ಶಕ್ತಿ. ಲಕ್ಷಗಟ್ಟಲೆ ಸಾಲು, ನೋಡಿದರೆ ನಿದ್ದೆ ಬರುತ್ತದೆ.

ಆದರೆ ಅದನ್ನೇ ಗ್ರಾಫ್ ಮಾಡಿದರೆ ಚುಕ್ಕೆ ಮಿನುಗುವುದು ಕಾಣುತ್ತದೆ, ಕೆಲವೊಮ್ಮೆ ಮಿಲಿಸೆಕೆಂಡುಗಳಲ್ಲೇ ಏರಿ ಇಳಿಯುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಬೆಳಕು ಹೋಗುವುದು 300 ಕಿಲೋಮೀಟರ್. ಜಾಗ ಅದಕ್ಕಿಂತ ತುಂಬ ದೊಡ್ಡದಿದ್ದರೆ ಅದರ ಎರಡು ಕೊನೆಗಳ ಬೆಳಕು ಬೇರೆ ಬೇರೆ ಹೊತ್ತಿಗೆ ಬಂದು ಮಿನುಗು ಕಲಸಿಹೋಗುತ್ತಿತ್ತು. ಅಂದರೆ ಆ ಮಿನುಗುವ ಜಾಗವೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ಹೊಳಪು ಮಾತ್ರ ಸೂರ್ಯನ ಸಾವಿರಾರು ಪಟ್ಟು! 1992ರಲ್ಲಿ ಪತ್ತೆಯಾದ ಜಿಆರ್‌ಎಸ್ 1915+105 ಅನ್ನುವ ಕುಳಿ ನನಗೆ ಅಚ್ಚುಮೆಚ್ಚು. ಅದು ಕೆಲವೊಮ್ಮೆ ಸುಮಾರು 50 ಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಗ್ರಾಫ್ ನೋಡಿದವರು ಇಸಿಜಿ ಅಂದುಕೊಳ್ಳಬೇಕು.

ಶಕ್ತಿಯ ಕಾಲಂ ಬೇರೆ ಕಥೆ ಹೇಳುತ್ತದೆ. ತಟ್ಟೆಯಲ್ಲಿರುವ ಕಬ್ಬಿಣ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಣದ ಶಕ್ತಿ ಅಳೆಯುವ ಮಾನ) ಹತ್ತಿರ ಹೊಳೆಯುತ್ತದೆ. ಗ್ರಾಫ್‌ನಲ್ಲಿ ಚೂಪಾಗಿರಬೇಕಾದ ಆ ಹೊಳಪಿನ ಗೆರೆ ಇಲ್ಲಿ ಅಗಲವಾಗಿ, ಕಡಿಮೆ ಶಕ್ತಿಯ ಕಡೆಗೆ ಬಾಲ ಬಿಟ್ಟುಕೊಂಡಿರುತ್ತದೆ, ಯಾಕೆಂದರೆ ಕುಳಿಯ ಸೆಳೆತದಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ಬೆಳಕು ಒಂದಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಬಾಲ ಉದ್ದವಿದ್ದಷ್ಟೂ ತಟ್ಟೆ ಕುಳಿಗೆ ಹತ್ತಿರ, ಮತ್ತು ಕುಳಿ ಜೋರಾಗಿ ತಿರುಗಿದಷ್ಟೂ ತಟ್ಟೆ ಹತ್ತಿರ ಬರಬಲ್ಲದು. ಅದರಿಂದ ಕುಳಿ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಲೆಕ್ಕ ಹಾಕುತ್ತೇವೆ. ಈ ಅಂಕಿಯನ್ನು ಎರಡು ದಶಮಾಂಶದವರೆಗೆ ಕೊಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ. ತಟ್ಟೆಯ ಬಿಸಿಯಿಂದ ಲೆಕ್ಕ ಹಾಕುವ ಇನ್ನೊಂದು ದಾರಿ ಇದೆ, ಕೆಲವು ಕುಳಿಗಳಿಗೆ ಅದರಲ್ಲಿ ಬೇರೆಯೇ ಉತ್ತರ ಬರುತ್ತದೆ. ಒಂದೇ ಕುಳಿ ಎರಡು ವೇಗದಲ್ಲಿ ತಿರುಗೋಕಾಗಲ್ಲ. ಯಾರದೋ ಲೆಕ್ಕ ತಪ್ಪಿದೆ, ನಮ್ಮದೇ ಇದ್ದರೂ ಇರಬಹುದು.