ಗಂಟೆಗೆ 120 ಉಲ್ಕೆ ಅನ್ನೋ ಲೆಕ್ಕ

ಪ್ರತಿ ಡಿಸೆಂಬರ್‌ನಲ್ಲೂ ಸುದ್ದಿ ಬರುತ್ತದೆ: 13-14ರ ರಾತ್ರಿ ಜೆಮಿನಿಡ್ ಉಲ್ಕಾಪಾತ, ಗಂಟೆಗೆ 120 ಉಲ್ಕೆ! ಜನ ಟೆರೇಸ್ ಹತ್ತಿ, ಎರಡೋ ಮೂರೋ ನೋಡಿ, ಬೇಜಾರಾಗಿ ಇಳಿದು ಹೋಗುತ್ತಾರೆ. ನನಗೆ ಇದು ನಿಜವಾಗಿಯೂ ಸಂಕಟ. ಆಗಸ್ಟ್‌ನ ಪರ್ಸೀಡ್ ನಮ್ಮ ಮಳೆಗಾಲದ ಮೋಡಕ್ಕೆ ಬಲಿಯಾಗುತ್ತದೆ, ನಮಗೆ ಚೆನ್ನಾಗಿ ಸಿಗೋದು ಜೆಮಿನಿಡ್ಡೇ.

ಆ 120 ಸುಳ್ಳಲ್ಲ. ಆದರೆ ಉಲ್ಕೆಗಳು ಹೊರಟು ಬಂದಂತೆ ಕಾಣುವ ಬಿಂದು ನೆತ್ತಿಯ ಮೇಲಿರಬೇಕು, 6.5 ಕಾಂತಿಮಾನದ ಮಸುಕು ನಕ್ಷತ್ರವೂ ಬರಿಗಣ್ಣಿಗೆ ಕಾಣುವಷ್ಟು ಕತ್ತಲಿರಬೇಕು, ಆಗ ಮಾತ್ರ ಅಷ್ಟು. ಕಾಂತಿಮಾನ ಅಂದರೆ ಹೊಳಪಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಸುಕು. ನಿಮಗೆ 5ರವರೆಗೆ ಮಾತ್ರ ಕಾಣುತ್ತದೆ ಅಂದುಕೊಳ್ಳಿ, 120 ಇಳಿದು 30ರ ಹತ್ತಿರ ಬರುತ್ತದೆ. ರಾತ್ರಿ 10ಕ್ಕೆ ಆ ಬಿಂದು, ಅಂದರೆ ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕದ ಜಾಗ, ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತದೆ. ಅದರಲ್ಲಿ ಮತ್ತೆ ಅರ್ಧ ಕಳೆಯಿರಿ. ಊರ ಬೆಳಕು ಇನ್ನಷ್ಟು ಕಳೆದು ಎರಡೋ ಮೂರೋ ಉಳಿದರೆ ಆಶ್ಚರ್ಯ ಇಲ್ಲ, ಅಲ್ವಾ? ಆ ಬಿಂದು ನೆತ್ತಿಯ ಸಮೀಪ ಬರೋದು ರಾತ್ರಿ 2 ಗಂಟೆ ಸುಮಾರಿಗೆ. ನಿದ್ದೆ ಕೆಡೋದಾದರೆ ಆಗ ಕೆಡಿ.

ಸುಮ್ನೆ ನೋಡಬೇಡಿ, ಎಣಿಸಿ. ಬರೆಯೋಕೆ ತಲೆ ತಗ್ಗಿಸಿದರೆ ಆಗಲೇ ಒಂದು ತಪ್ಪಿಹೋಗುತ್ತದೆ, ಅದಕ್ಕೆ ಫೋನ್‌ನಲ್ಲಿ ರೆಕಾರ್ಡಿಂಗ್ ಹಾಕಿ ಮಲಗಿಕೊಂಡು ಹೇಳುತ್ತಾ ಹೋಗೋದು ವಾಸಿ: "ಜೆಮಿನಿಡ್, ಎರಡು", "ಬೇರೆ, ನಾಲ್ಕು". ಗೆರೆಯನ್ನು ಹಿಂದಕ್ಕೆ ಎಳೆದಾಗ ಪುನರ್ವಸುವಿನ ಕಡೆ ಹೋದರೆ ಜೆಮಿನಿಡ್, ಇಲ್ಲದಿದ್ದರೆ ಬೇರೆ. ಸಂಖ್ಯೆ ಕಾಂತಿಮಾನದ್ದು. ವೇಗವೂ ಗುರುತು ಕೊಡುತ್ತದೆ: ಜೆಮಿನಿಡ್ ಸೆಕೆಂಡಿಗೆ ಸುಮಾರು 35 ಕಿಲೋಮೀಟರ್, ನವೆಂಬರ್‌ನ ಲಿಯೋನಿಡ್ ಉಲ್ಕಾಪಾತದ್ದು 71.

ಶುಕ್ರನಿಗಿಂತ ಜಾಸ್ತಿ ಬೆಳಗಿದರೆ ಅದು ಫೈರ್‌ಬಾಲ್. ಆಗ ಕೂಗಾಡೋಕೆ ಮೊದಲು ಸಮಯ, ಯಾವ ನಕ್ಷತ್ರದ ಹತ್ತಿರ ಶುರುವಾಯ್ತು, ಎಲ್ಲಿ ಆರಿತು, ಎಷ್ಟು ಸೆಕೆಂಡು ಅನ್ನೋದನ್ನು ಹಿಡಿದಿಡಿ. ದೂರದ ಇನ್ನೊಂದು ಊರಿನವರೂ ಇಷ್ಟೇ ಹೇಳಿದರೆ ಎರಡೂ ಗೆರೆ ಸೇರಿಸಿ ಅದು ಎಷ್ಟು ಎತ್ತರದಲ್ಲಿ ಹಾದು ಹೋಯಿತು, ಯಾವ ಕಕ್ಷೆಯಿಂದ ಬಂತು ಅಂತ ಲೆಕ್ಕ ಹಾಕಬಹುದು. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಸಿಡಿದ ಫೈರ್‌ಬಾಲ್‌ನ ಕಕ್ಷೆ ಸಿಕ್ಕಿದ್ದರಲ್ಲಿ ಜನರ ಕಾರಿನ ಕ್ಯಾಮೆರಾಗಳ ಪಾಲು ದೊಡ್ಡದು.

ಸೆಕೆಂಡುಗಳ ಲೆಕ್ಕ ಯಾಕೆ ಅಷ್ಟು ಮುಖ್ಯ ಅಂದರೆ, 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಆಕಾಶದಲ್ಲಿ ಉದ್ದಕ್ಕೆ ಉರಿದು ಹೋದದ್ದನ್ನು ಎಷ್ಟೋ ಜನ ಉಲ್ಕೆ ಅಂದರು. ಅದು ಚೀನಾದ ರಾಕೆಟ್‌ನ ಅವಶೇಷ ಅಂತ ತಜ್ಞರು ಗುರುತಿಸಿದರು. ಕಕ್ಷೆಯಿಂದ ಇಳಿಯುವ ರಾಕೆಟ್ ಚೂರಿನ ವೇಗ ಸೆಕೆಂಡಿಗೆ 8 ಕಿಲೋಮೀಟರ್ ಆಸುಪಾಸು, ಉಲ್ಕೆ 11ಕ್ಕಿಂತ ನಿಧಾನವಾಗಿ ಬರೋದೇ ಇಲ್ಲ. ನಿಧಾನವಾದದ್ದು ಆಕಾಶದಲ್ಲಿ ಹೆಚ್ಚು ಸೆಕೆಂಡು ಕಾಣುತ್ತದೆ.